ಬಾಗಿದರೂ ನೆಟ್ಟಗಾಗುವ ತಂತಿ ಮತ್ತು ನಮ್ಮ ತುಕ್ಕು ಮೇಷ್ಟ್ರು

ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಉಳಿದ ಪುಟಗಳಲ್ಲಿ ಬರೆದಿರುವವರೆಲ್ಲ ಲೋಹಶಾಸ್ತ್ರದಲ್ಲೋ ವೈದ್ಯದಲ್ಲೋ ಹೆಸರು ಮಾಡಿದವರು. ಅವರ ಸಾಲಿನಲ್ಲಿ, ಪ್ರಯೋಗಾಲಯದ ಗಾಜಿನ ಸಾಮಾನು ನೋಡಿಕೊಳ್ಳುತ್ತ ಸಂಜೆ ಕಾಲೇಜಿನಲ್ಲಿ ಓದಿದ ಸಹಾಯಕಿಯೊಬ್ಬಳ ಬರಹವೂ ಸೇರುವುದು ಉದ್ಧಟತನವೆಂದು ತೋರಿದರೆ ಓದುಗರು ಕ್ಷಮಿಸಬೇಕು. ಸಂಪಾದಕರು ಕೇಳಿದಾಗ ಆಕೆ ಆಗುವುದಿಲ್ಲವೆಂದೇ ಹೇಳಿದ್ದಳು. ಆಮೇಲೆ ಯೋಚನೆ ಬಂತು: ಮೇಷ್ಟ್ರು ಸ್ಥಾಪಿಸಿದ ವಿಚಾರಗಳ ಬಗ್ಗೆ ವಿದ್ವಾಂಸರು ಬರೆದೇ ಬರೆಯುತ್ತಾರೆ, ಆದರೆ ಅವರು ಒಂದು ವಿಚಾರವನ್ನು ತಾವಾಗಿಯೇ ಕೈಬಿಟ್ಟ ಸಂಗತಿ ಯಾರ ಲೇಖನದಲ್ಲೂ ಬಾರದೆ ಹೋದರೆ? ಆ ಭಯಕ್ಕೆ ಒಪ್ಪಿಕೊಂಡಳು. ಮುಂದಿನ ಸಾಲುಗಳಲ್ಲಿ ಶಾಸ್ತ್ರ ತಪ್ಪಿದ್ದರೆ ಅದು ಬರೆದವಳ ತಪ್ಪು. ಸರಿಯಿದ್ದರೆ ಅದು ಮೇಷ್ಟ್ರು ಕಲಿಸಿದ್ದು.

ಲೋಹಗಳು ಹುಟ್ಟುವುದು ಹೇಗೆ ಎಂದು ಓದುವವರು ಬಹಳ ಮಂದಿ, ಸಾಯುವುದು ಹೇಗೆ ಎಂದು ಓದುವವರು ಕಡಿಮೆ. ಮೇಷ್ಟ್ರು ಈ ಎರಡನೆಯ ಗುಂಪಿನ ಹಿರಿಯರು. ನಿಕ್ಕಲ್ ಮತ್ತು ಟೈಟೇನಿಯಂ ಹೆಚ್ಚುಕಡಿಮೆ ಸಮನಾಗಿ ಬೆರೆತ ಮಿಶ್ರಲೋಹ, ಅದರಲ್ಲೂ ಎಷ್ಟು ಬಾಗಿಸಿದರೂ ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಮರಳುವ ಅತಿಸ್ಥಿತಿಸ್ಥಾಪಕ ತಂತಿ, ಮನುಷ್ಯನ ಮೈಯೊಳಗಿನ ಉಪ್ಪುನೀರಿನಲ್ಲಿ ಹೇಗೆ ಸವೆಯುತ್ತದೆ ಎಂಬ ಪ್ರಶ್ನೆಗೆ ಅವರು ತಮ್ಮ ಸೇವಾವಧಿಯ ಬಹುಪಾಲನ್ನು ಕೊಟ್ಟಿದ್ದಾರೆ. ಹಲ್ಲು ಸಾಲುಗೂಡಿಸುವ ತಂತಿಯಿಂದ ಹಿಡಿದು ರಕ್ತನಾಳ ತೆರೆದಿಡುವ ಜಾಲರಿಯವರೆಗೆ ಈ ಲೋಹದ ಯಾವ ಸಂದೇಹ ಬಂದರೂ ಜನ ಮೊದಲು ಅವರನ್ನೇ ಕೇಳುತ್ತಾರೆ. ವಿದ್ಯಾರ್ಥಿಗಳು ಇಟ್ಟ ಹೆಸರು 'ತುಕ್ಕು ಮೇಷ್ಟ್ರು'. ಅದು ಅವರಿಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ವಿಭಾಗದ ಫೋನು ಹೊಡೆದುಕೊಂಡಿತು. ಮೇಷ್ಟ್ರೇ ಎತ್ತಿ, "ಹಲೋ, ತುಕ್ಕು ಮಾತಾಡ್ತಿದೀನಿ, ಹೇಳಿ" ಎಂದರು. ಅಂದಿನಿಂದ ಆ ಹೆಸರಿಗೆ ಗುಟ್ಟಿನ ರುಚಿ ಹೋಗಿ ಬಿರುದಿನ ಗೌರವ ಬಂತು.

ಅವರು ಸೇವೆಗೆ ಸೇರಿದಾಗ ಕೆಲಸವೆಲ್ಲ ನಿಜವಾದ ತುಕ್ಕಿನದೇ: ನೀರಿನ ಕೊಳವೆ, ಸೇತುವೆಯ ಬೋಲ್ಟು, ಬಾಯ್ಲರಿನ ತಗಡು. ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ರೋಗಿಯ ಬಾಯಿಂದ ತೆಗೆದ ತಂತಿಯ ತುಂಡನ್ನು ಕಾಗದದಲ್ಲಿ ಸುತ್ತಿ ತಂದು, ಇದೇಕೆ ಮುರಿಯಿತೆಂದು ಕೇಳಿದರು. ಮೇಷ್ಟ್ರು ಆ ತುಂಡನ್ನು ಬೆರಳಿಗೆ ಸುತ್ತಿ ಬಿಟ್ಟರು. ಅದು ಟಣ್ಣನೆ ನೆಟ್ಟಗಾಯಿತು. ಮತ್ತೆ ಸುತ್ತಿದರು, ಮತ್ತೆ ನೆಟ್ಟಗಾಯಿತು. ಡಾಕ್ಟರು ಕಾದು ಕಾದು ಹೊರಟುಹೋದರೂ ಇವರ ಆಟ ಮುಗಿದಿರಲಿಲ್ಲವಂತೆ. ಅಂದಿನಿಂದ ಕೊಳವೆ, ಬೋಲ್ಟುಗಳು ಮೂಲೆ ಸೇರಿದವು.

ಈ ತಂತಿಯ ಗುಣವನ್ನು ಮೇಷ್ಟ್ರು ತರಗತಿಯಲ್ಲಿ ಹೀಗೆ ವಿವರಿಸುತ್ತಿದ್ದರು. ಟೈಟೇನಿಯಂ ಗಾಳಿ ತಾಗಿದ ಕ್ಷಣವೇ ಮೈಮೇಲೆ ತೆಳ್ಳನೆಯ ಪದರವೊಂದನ್ನು ಹೊದ್ದುಕೊಳ್ಳುತ್ತದೆ. ಆ ಹೊದಿಕೆ ಇರುವ ತನಕ ಒಳಗಿನ ನಿಕ್ಕಲ್ ಹೊರಗೆ ಕಾಲಿಡುವುದಿಲ್ಲ. ಹೊದಿಕೆ ಒಂದೆಡೆ ಹರಿದು ತಾನಾಗಿ ಕೂಡಿಕೊಳ್ಳದೆ ಹೋದರೆ ಉಪ್ಪುನೀರು ಅಲ್ಲೇ ಗುಳಿ ತೋಡುತ್ತದೆ, ಮೈಗೆ ಒಗ್ಗದ ನಿಕ್ಕಲ್ ರಕ್ತಕ್ಕೆ ಸೇರುತ್ತದೆ, ತಂತಿಯೂ ಒಂದು ದಿನ ಅಲ್ಲಿಯೇ ಮುರಿಯುತ್ತದೆ. ಹಾಗಾದರೆ ಗಟ್ಟಿಯಾದ ಹೊದಿಕೆ ಯಾವುದು? ತಂತಿಯನ್ನು ಕುಲುಮೆಯಲ್ಲಿ ಹದವಾಗಿ ಕಾಯಿಸಿದರೆ ಪದರ ದಪ್ಪವಾಗಿ, ನವಿಲಿನ ಕುತ್ತಿಗೆಯಂಥ ನೀಲಿ ಬಣ್ಣ ತಾಳುತ್ತದೆ. ಉಪ್ಪುನೀರಿನ ಜಾಡಿಯಲ್ಲಿ, ಸವೆತ ಬೇಗ ಕಾಣಲೆಂದು, ವಿದ್ಯುತ್ತಿನ ಒತ್ತಡ ಏರಿಸುತ್ತ ಹೋದಾಗ ಈ ನೀಲಿ ತಂತಿ ಉಳಿದೆಲ್ಲ ತಂತಿಗಳಿಗಿಂತ ಹೆಚ್ಚು ಹೊತ್ತು ತಡೆದು ನಿಂತಿತು. ಇದೇ ಮೇಷ್ಟ್ರ ಹೆಸರನ್ನು ದೂರದವರೆಗೆ ಕೊಂಡೊಯ್ದ 'ನೀಲಿ ಪದರ'ದ ಸಂಶೋಧನೆ.

ಪರೀಕ್ಷೆಯ ಕ್ರಮವನ್ನು ಇಲ್ಲಿ ತುಸು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೈಬಿಸಿಯಷ್ಟೇ ಬೆಚ್ಚಗಿನ ಉಪ್ಪುನೀರಿನ ಜಾಡಿ. ಅದರೊಳಗೆ ಇಳಿಬಿಡಲು ಕೊಕ್ಕೆಯಂತೆ ತುದಿ ಬಾಗಿದ ಗಾಜಿನ ಕಡ್ಡಿ. ತಂತಿಯನ್ನು ಕಡ್ಡಿಯ ಉದ್ದಕ್ಕೂ ಬಿಗಿದು, ಜಾರದಿರಲೆಂದು ಕೊಕ್ಕೆಯ ಸುತ್ತ ಬಾಗಿಸಿ, ನೆಟ್ಟನೆಯ ಬಾಲ ನೀರಿನಲ್ಲಿ ಚಾಚಿಕೊಳ್ಳುವಂತೆ ಬಿಡುವುದು. ಬಾಲದ ಹೊರತು ಉಳಿದ ಭಾಗಕ್ಕೆ ನೀರು ತಾಗದಂತೆ ಬಣ್ಣ ಬಳಿಯುವುದು. ಆ ಬಣ್ಣ ಯಾವುದೆಂದರೆ, ಹೆಂಗಸರು ಉಗುರಿಗೆ ಹಚ್ಚುವ ಕೆಂಪು ಬಣ್ಣ! ಉಪ್ಪುನೀರಿಗೆ ಅದರಷ್ಟು ಜಗ್ಗದ ಲೇಪ ಇನ್ನೊಂದಿಲ್ಲವೆಂದು ಈ ಕೆಲಸದವರೆಲ್ಲ ಬಲ್ಲರು. ಬಣ್ಣ ತರುವ ಹೊಣೆ ಮಾತ್ರ ಮೇಷ್ಟ್ರದು. ಪ್ರಯೋಗಾಲಯದ ಹುಡುಗಿಯರನ್ನು ಅದಕ್ಕೆ ಕಳಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ, "ನಾನು ಹೋದರೆ ಅಂಗಡಿಯವರು ನಗ್ತಾರೆ, ನೀವು ಹೋದರೆ ವಿಭಾಗದ ಲೆಕ್ಕದಲ್ಲಿ ಸಿಂಗಾರ ಮಾಡ್ಕೋತಾರೆ ಅಂತಾರೆ. ನಗು ವಾಸಿ" ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಬಳೆ ಅಂಗಡಿಯ ಹೆಂಗಸು ಅವರನ್ನು ಕಂಡ ಕೂಡಲೇ ಕೆಂಪು ಸೀಸೆ ಎತ್ತಿಡುವಳು. "ಸಾರ್, ಮನೆಯವರು ಪುಣ್ಯ ಮಾಡಿದಾರೆ. ನಮ್ಮನೆಯವರು ಒಂದು ಹೇರ್‌ಪಿನ್ನೂ ತಂದಿಲ್ಲ" ಎಂದು ಅವಳು ಹೇಳಿದ್ದನ್ನು ಮೇಷ್ಟ್ರು ಮನೆಯಲ್ಲಿ ಹೇಳಿ ಪೇಚಿಗೆ ಸಿಕ್ಕಿದರು. ಶಾಲೆಯಲ್ಲಿ ಲೆಕ್ಕ ಕಲಿಸುವ ಅವರ ಹೆಂಡತಿ ತಮ್ಮ ಬರಿಯ ಉಗುರುಗಳನ್ನು ಮುಂದೆ ಚಾಚಿ, "ಆ ಪುಣ್ಯವಂತೆ ಯಾರು ಅಂತ ಒಂದ್ಸಲ ತೋರಿಸಿ" ಎಂದರಂತೆ.

ಬಣ್ಣದ ವಿಷಯದಲ್ಲಿ ಇನ್ನೊಂದು ಕಟ್ಟಳೆ. ಕೆಲವೊಮ್ಮೆ ತಂತಿ ಬಹಳ ಬೇಗ ಸೋತು, ಗುಳಿ ಬಣ್ಣದ ಅಂಚಿನಲ್ಲೇ ಬೀಳುತ್ತಿತ್ತು. ಲೇಪದ ಅಂಚಿನ ಸಂದಿಗೆ ಉಪ್ಪುನೀರು ನುಸುಳಿದರೆ ಹೀಗಾಗುವುದುಂಟು. ಅದು ತಂತಿಯ ದೋಷವಲ್ಲ, ಬಳಿದವರ ದೋಷ. ಅಂಥ ಪರೀಕ್ಷೆಗಳನ್ನು ಕೈಬಿಟ್ಟು ಹೊಸ ತಂತಿಯಲ್ಲಿ ಮತ್ತೆ ಮಾಡುವುದು ಎಲ್ಲ ಕಡೆಯ ರೂಢಿ. "ಅಂಚು" ಎಂದು ಯಾರಾದರೂ ಕೂಗಿದರೆ ಆ ತಂತಿ ಬುಟ್ಟಿಗೆ. ಇದನ್ನು ಯಾರೂ ಕಳ್ಳತನದಿಂದ ಮಾಡಲಿಲ್ಲ. ಶುದ್ಧವಾಗಿ ಕೆಲಸ ಮಾಡಬೇಕೆಂಬ ಹಟದಿಂದಲೇ ಮಾಡಿದ್ದು.

ಮೇಷ್ಟ್ರ ಉಪಕಾರಗಳನ್ನು ಬರೆಯಹೊರಟರೆ ಸಂಪುಟ ಸಾಲದು. ಸಹಾಯಕಿಗೆ ಸಂಜೆ ತರಗತಿಗೆ ಹೊರಡುವ ಹೊತ್ತಾದರೆ, ನಡೆಯುತ್ತಿರುವ ಪರೀಕ್ಷೆಯ ಮುಂದೆ ತಾವು ಕುರ್ಚಿ ಎಳೆದುಕೊಂಡು ಕೂತು "ಬಸ್ಸು ಕಾಯಲ್ಲ, ಹೊರಡಮ್ಮ" ಎನ್ನುವರು. ಅವಳ ಪರೀಕ್ಷೆಯ ವಾರಗಳಲ್ಲಿ ಜಾಡಿಗಳೆಲ್ಲ ಯಾರು ತೊಳೆದರೆಂದು ತಿಳಿಯದಂತೆ ತೊಳೆದಿರುತ್ತಿದ್ದವು. ಆದರೆ ಮೇಷ್ಟ್ರ ತೋಳಿನ ಮಡಿಕೆ ಒದ್ದೆಯಾಗಿರುತ್ತಿತ್ತು. ಮೊದಲ ಸಲ ರಸಾಯನಶಾಸ್ತ್ರದಲ್ಲಿ ಅವಳು ನಪಾಸಾದಾಗ ಸಮಾಧಾನದ ಮಾತು ಒಂದನ್ನೂ ಆಡದೆ, ಪ್ರಶ್ನೆಪತ್ರಿಕೆ ಕೇಳಿ ಪಡೆದು, "ಐದನೇ ಪ್ರಶ್ನೆ ನನಗೂ ಬರ್ತಿರ್ಲಿಲ್ಲ, ಉಳಿದದ್ದಕ್ಕೆ ನಿನಗೆ ನಾಚಿಕೆ ಆಗಬೇಕು" ಎಂದರು. ಆ ನಾಚಿಕೆಯೇ ಮುಂದಿನ ಸಲ ಪಾಸು ಮಾಡಿಸಿತು.

ಇನ್ನು ಮುಖ್ಯ ಸಂಗತಿಗೆ ಬರಬೇಕು.

ಮೇಷ್ಟ್ರ ಹೆಂಡತಿಯ ಅಣ್ಣ ಟೈಲರು. ಇವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವವರು. ಆಯುಷ್ಯವೆಲ್ಲ ಹೊಲಿಗೆ ಯಂತ್ರದ ಪೆಡಲು ತುಳಿದ ಟೈಲರ್ ಭಾವನ ಬಲಗಾಲಿನ ರಕ್ತನಾಳ ತೊಡೆಯ ಕೆಳಗೆ ಕಟ್ಟಿಕೊಂಡಿತು. ಬೀದಿಯ ತುದಿಯವರೆಗೆ ನಡೆದರೆ ಮೀನಖಂಡ ಹಿಂಡಿದಂತಾಗಿ ನಿಲ್ಲಬೇಕು; ನಿಂತರೆ ನೋವು ಹೋಗುತ್ತದೆ, ನಡೆದರೆ ಮತ್ತೆ ಬರುತ್ತದೆ. ಅದೇ ಹೊತ್ತಿಗೆ, ಮೇಷ್ಟ್ರ ವರದಿಯನ್ನು ನಂಬಿ, ರಕ್ತನಾಳದ ಡಾಕ್ಟರೊಬ್ಬರು ನೀಲಿ ತಂತಿಯ ಜಾಲರಿಯೊಂದನ್ನು ಸಿದ್ಧಪಡಿಸಿದ್ದರು. ಸಣ್ಣ ಕೊಳವೆಯೊಳಗೆ ಮುದುರಿಕೊಂಡು ಕಾಲಿನೊಳಗೆ ಹೋಗಿ, ಕಟ್ಟಿದ ಜಾಗದಲ್ಲಿ ಅರಳಿ, ನಾಳವನ್ನು ತೆರೆದಿಡುವ ಜಾಲರಿ. ಪ್ರಯೋಗಕ್ಕೆ ಒಪ್ಪಿದ ಮೊದಲ ಕೆಲವು ರೋಗಿಗಳಲ್ಲಿ ಟೈಲರ್ ಭಾವನೂ ಒಬ್ಬ. ಒಪ್ಪಿದ ಎನ್ನುವುದಕ್ಕಿಂತ ಹಟ ಹಿಡಿದ ಎನ್ನಬೇಕು.

"ಮನೇಲೇ ತಂತಿ ಕಂಡುಹಿಡಿದೋರು ಇರುವಾಗ ನಾನು ಬೇರೆಯವರ ತಂತಿ ಹಾಕಿಸ್ಕೊಂಡು ನಾಲ್ಕು ಜನಕ್ಕೆ ಮುಖ ತೋರಿಸ್ಲಾ?" ಎಂದು ಊಟದ ಮುಂದೆ ಕೂತು ಅವನು ಕೇಳಿದಾಗ ಮೇಷ್ಟ್ರು ಬಾಯ್ತುಂಬ ನಕ್ಕರು.

"ಭಾವ, ಅದೇನು ಸೀರೆ ಅಂಗಡಿನಾ, ನಮ್ಮೋರು ಅಂತ ಹೋಗೋಕೆ?"

"ಅಲ್ಲ ಭಾವ. ಆದರೂ ನಾಲ್ಕು ಜನ ಕೇಳಿದಾಗ, ಕಾಲಲ್ಲಿರೋದು ನಮ್ಮ ತಂಗಿ ಗಂಡಂದು ಅಂತ ಹೇಳ್ಬಹುದಲ್ಲ!"

ದಿನ ಗೊತ್ತಾಯಿತು. ಮೇಷ್ಟ್ರ ಸುರಕ್ಷತಾ ವರದಿ ಆಸ್ಪತ್ರೆಗೆ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಅವರಿಗೆ ಸಂದೇಹವೆಂಬುದು ಲೇಶವೂ ಇರಲಿಲ್ಲ.

ಆ ವಾರ ಬಳೆ ಅಂಗಡಿಯಲ್ಲಿ ಕೆಂಪು ಬಣ್ಣ ಮುಗಿದಿತ್ತು. "ಕೆಂಪು ಖಾಲಿ ಸಾರ್, ನೀರಿನ ಥರದ್ದಿದೆ. ಅದೂ ಹೊಳೆಯುತ್ತೆ, ಮನೆಯವರಿಗೆ ಇಷ್ಟ ಆಗುತ್ತೆ ನೋಡಿ" ಎಂದು ಆ ಹೆಂಗಸು ಬಣ್ಣವಿಲ್ಲದ ಸೀಸೆ ಕೊಟ್ಟಳು. ತಂತಿಯ ಕೆಲಸ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಜ್ವರದಿಂದ ಮಲಗಿದ್ದಳು. ಮಾಮೂಲಿನ ಪರೀಕ್ಷೆ, ನಿಲ್ಲಿಸುವುದೇಕೆಂದು ಮೇಷ್ಟ್ರು ತಾವೇ ಕೂತು ನೀಲಿ ತಂತಿಗೆ ಬಣ್ಣ ಬಳಿದರು. ಕಾಣದ ಬಣ್ಣ, ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯದು. ಕನ್ನಡಕ ಏರಿಸಿ ಇಳಿಸಿ, ಸಾಕೆಂದು ನಿಲ್ಲಿಸಿದರು. ಕೊಕ್ಕೆಯ ಬಾಗು ಶುರುವಾಗುವ ಬಹಳ ಮುಂಚೆಯೇ ಬಣ್ಣ ನಿಂತುಹೋಗಿದ್ದು ಆಗ ಅವರಿಗೆ ಗೊತ್ತಾಗಲಿಲ್ಲ. ತಂತಿ ಬೇಗನೆ ಸೋತಿತು. ಮತ್ತೊಂದು ಹಾಕಿದರು, ಅದೂ ಸೋತಿತು.

"ಅಂಚು ಸಾರ್" ಎಂದಳು ಪಕ್ಕದಲ್ಲಿದ್ದ ಸಹಾಯಕಿ, ರೂಢಿಯಂತೆ ಬುಟ್ಟಿಯನ್ನು ಮುಂದೆ ಸರಿಸುತ್ತ.

ಮೇಷ್ಟ್ರೂ ತಂತಿಯನ್ನು ಎಸೆಯಲೆಂದೇ ಎತ್ತಿದ್ದರು. ತಾವು ಎಷ್ಟು ಕೆಟ್ಟದಾಗಿ ಬಳಿದಿದ್ದೇವೆ ನೋಡೋಣವೆಂಬ ಕುತೂಹಲಕ್ಕೆ, ಕಡ್ಡಿಯಿಂದ ಬಿಚ್ಚದೆ, ಹಾಗೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಬಣ್ಣದ ಅಂಚು ಒಂದು ಕಡೆ ಇತ್ತು, ಗುಳಿ ಇನ್ನೊಂದು ಕಡೆ. ನಡುವೆ ಒಂದು ಬೆರಳಿನಷ್ಟು ಅಂತರ. ಗುಳಿ ಬಿದ್ದದ್ದು ಸರಿಯಾಗಿ ಬಾಗಿನ ನೆತ್ತಿಯ ಮೇಲೆ. ಅದರ ಆಚೀಚೆ ನೀಲಿ ಪದರ ಕಾದು ಒಣಗಿದ ಕೆರೆಯಂಗಳದ ಹಾಗೆ ಬಿರಿದಿತ್ತು. ಆಮೇಲೆ ಅವರು ತಂತಿಯನ್ನು ಕಡ್ಡಿಯಿಂದ ಬಿಚ್ಚಿದರು. ಅದು ಟಣ್ಣನೆ ನೆಟ್ಟಗಾಯಿತು. ಮತ್ತೆ ನೋಡಿದರೆ ಬಿರುಕುಗಳೆಲ್ಲ ಬಾಯಿ ಮುಚ್ಚಿಕೊಂಡು, ಒಂದು ಗುಳಿ ಬಿಟ್ಟರೆ ಬೇರೇನೂ ಕಾಣದು.

ಹೀಗೆ ಆ ತಪ್ಪು ಬೆಳಕಿಗೆ ಬಂತು. ಬೇರೆ ಯಾವ ಲೋಹವಾಗಿದ್ದರೂ ಬಾಗಿದ ತಂತಿ ಬಾಗಿಯೇ ಇರುತ್ತಿತ್ತು, ನೋಡಿದವರಿಗೆ ತಾವು ಪರೀಕ್ಷಿಸಿದ್ದು ಬಾಗಿದ ತಂತಿಯೆಂದು ನೆನಪಾಗುತ್ತಿತ್ತು. ಇದು ಬಿಚ್ಚಿದ ಕೂಡಲೇ ಏನೂ ಅರಿಯದ ಮಗುವಿನಂತೆ ನೆಟ್ಟಗೆ ನಿಲ್ಲುತ್ತಿತ್ತು. ಕೆಂಪು ಬಣ್ಣದ ಅಂಚು ಯಾವಾಗಲೂ ಬಾಗಿನ ಬಳಿಯೇ ಬರುತ್ತಿದ್ದುದರಿಂದ, ಬಾಗಿನ ಗುಳಿಯನ್ನೆಲ್ಲ ಅಂಚಿನ ಗುಳಿಯೆಂದು ಎಸೆದದ್ದಾಯಿತು. ಧಾರಾಳವಾಗಿ ಬಳಿದು ಬಾಗು ಪೂರ್ತಿ ಮುಚ್ಚಿಹೋದ ತಂತಿಗಳಷ್ಟೇ ಉಳಿದು, ನೀಲಿ ಪದರಕ್ಕೆ ಸಾಕ್ಷಿ ಹೇಳಿದವು.

ಜ್ವರ ಬಿಟ್ಟು ಬಂದ ವಿದ್ಯಾರ್ಥಿನಿ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪುವಂತೆ ಅವಳನ್ನು ಮೇಷ್ಟ್ರು ಬೆಳೆಸಿಯೂ ಇರಲಿಲ್ಲ.

"ಗಾಜಿಗೆ ತಾಗಿರೋ ಕಡೆ ಸಂದಿ ಇರುತ್ತಲ್ಲ ಸಾರ್. ಅಲ್ಲಿ ನೀರು ನಿಂತು ಗುಳಿ ಬಿದ್ದಿರಬಹುದು."

"ಗಾಜಿಗೆ ತಾಗೋದು ಒಳಮೈ. ಗುಳಿ ಬಿದ್ದಿರೋದು ಹೊರಮೈ. ನೋಡು."

ಅವಳು ನೋಡಿದಳು. "ಹಾಗಾದ್ರೆ ಬೇಕಂತಲೇ ಬಾಗಿಸಿ ನೋಡೋಣ ಸಾರ್. ನೀಲಿದೂ, ಬಿಳಿದೂ."

ಬಿಳಿ ತಂತಿಯೆಂದರೆ, ಆಮ್ಲದಲ್ಲಿ ವಿದ್ಯುತ್ ಹಾಯಿಸಿ ಕನ್ನಡಿಯಂತೆ ಹೊಳಪು ಕೊಟ್ಟದ್ದು. ಅದರ ಪದರ ಎಷ್ಟು ತೆಳುವೆಂದರೆ ಬಣ್ಣವೇ ಇಲ್ಲ. ನೆಟ್ಟಗಿರುವಾಗ ನೀಲಿಯ ಮುಂದೆ ಅದು ಎರಡನೆಯ ಸ್ಥಾನದ್ದು. ಬಾಗಿಸಿ ಉಪ್ಪುನೀರಿಗೆ ಇಳಿಸಿದಾಗ ಆಟವೇ ತಿರುಗಿಬಿತ್ತು. ದಪ್ಪ ನೀಲಿ ಪದರ ಬಿರಿದು ಸೋಲುತ್ತಲೇ ಹೋಯಿತು, ತೆಳು ಪದರ ತಂತಿಯ ಜೊತೆಗೇ ಬಾಗಿ ಬಾಳಿತು.

"ಸಾರ್, ನನ್ನ ಪ್ರಬಂಧ ಪೂರ್ತಿ ನೀಲಿ ಮೇಲೆ ನಿಂತಿದೆ" ಎಂದು ಅವಳು ಮೆಲ್ಲಗೆ ಹೇಳಿದಳು.

"ನನ್ನ ಹೆಸರೂ ಅದರ ಮೇಲೇ ನಿಂತಿದೆ. ನಿಂದು ಎದ್ದು ನಿಲ್ಲುತ್ತೆ, ಹೆದರಬೇಡ. ಇದನ್ನ ತಿಳಿಸೋ ಲೇಖನದಲ್ಲಿ ನಿನ್ನ ಹೆಸರು ಮೊದಲು, ನಂದು ಕೊನೇಲಿ. ನೀಲಿ ಪದರ ತಪ್ಪು ಅಂತ ತೋರಿಸಿದೋಳು ಅಂತ ಜನ ನಿನ್ನ ನೆನಪಿಟ್ಕೋತಾರೆ. ತಪ್ಪು ಮಾಡಿದೋನು ಅಂತ ನನ್ನನ್ನೂ ಮರೆಯಲ್ಲ ಬಿಡು!" ಎಂದು ಮೇಷ್ಟ್ರು ನಕ್ಕರು. ಹೇಳಿದಂತೆಯೇ ನಡೆದುಕೊಂಡರು. ಇಂದು ಆಕೆ ಬೇರೊಂದು ಪ್ರಯೋಗಾಲಯದ ಮುಖ್ಯಸ್ಥೆ.

ಆದರೆ ಲೇಖನ ಬರೆಯಲು ಕಾಲಾವಕಾಶವಿತ್ತು, ಕಾಲಿಗೆ ಇರಲಿಲ್ಲ. ಶಸ್ತ್ರಕ್ರಿಯೆಯ ದಿನ ಹತ್ತಿರವಾಗಿತ್ತು. ಮೇಷ್ಟ್ರು ಆಸ್ಪತ್ರೆಗೆ ಹೋಗಿ ತಮ್ಮ ವರದಿಯನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಸೂಕ್ಷ್ಮದರ್ಶಕದ ಚಿತ್ರಗಳ ಕಟ್ಟನ್ನು ಹೊತ್ತುಕೊಂಡು ಸಹಾಯಕಿಯೂ ಜೊತೆಗಿದ್ದಳು. ಡಾಕ್ಟರು ಒಳ್ಳೆಯವರೇ, ಆದರೆ ಆ ದಿನ ಅವರ ಸಹನೆಗೆ ದೊಡ್ಡ ಪೆಟ್ಟು ಬಿದ್ದಿತ್ತು.

"ಕಾಲು ಬಾಗುತ್ತೆ ಅಂತ ಈಗ ಗೊತ್ತಾಯ್ತಾ ನಿಮಗೆ?" ಎಂದರು.

"ಬಾಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಲಕ್ಷಗಟ್ಟಲೆ ಸಲ ಬಾಗಿಸಿ, ಮುರಿಯಲ್ಲ ಅಂತ ನೋಡಿದ್ವಿ. ಉಪ್ಪುನೀರಲ್ಲೂ ಇಟ್ಟು ಸವೆಯಲ್ಲ ಅಂತ ನೋಡಿದ್ವಿ. ಎರಡನ್ನೂ ಒಟ್ಟಿಗೆ ಮಾಡಲಿಲ್ಲ. ಮಾಡಿದಾಗೆಲ್ಲ ಅದು ನಮಗೇ ಗೊತ್ತಿಲ್ಲದೆ ಆಗಿತ್ತು, ಉತ್ತರ ಬುಟ್ಟಿಗೆ ಹೋಗಿತ್ತು."

"ಗಾಜಿನ ಕೊಕ್ಕೆಯಷ್ಟು ಬಿಗಿಯಾಗಿ ಯಾರ ಕಾಲೂ ಬಾಗಲ್ಲ, ಪ್ರೊಫೆಸರ್. ನಿಮ್ಮ ವಿದ್ಯುತ್ ಒತ್ತಡವೂ ರಕ್ತದಲ್ಲಿ ಇರಲ್ಲ. ಒಂದು ಉಗುರು ಬಣ್ಣದ ಸೀಸೆ ನೋಡಿಕೊಂಡು ವರ್ಷಗಳ ಕೆಲಸ ನಿಲ್ಲಿಸ್ತೀರಾ?"

ಆ ಮಾತಿನಲ್ಲಿ ನ್ಯಾಯವಿತ್ತು. ಮೇಷ್ಟ್ರೂ ಅದನ್ನು ಅಲ್ಲಗಳೆಯಲಿಲ್ಲ. "ನಿಮ್ಮ ಮಾತು ನಿಜ ಇರಬಹುದು. ಆದರೆ ಸುರಕ್ಷಿತ ಅಂತ ಸಹಿ ಹಾಕಿದ್ದು ನಾನು, ನನಗೆ ಅದು ಈಗ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದಕ್ಕೆ ನನ್ನ ಸಹಿ ಇರಕೂಡದು" ಎಂದು ಎದ್ದರು. ದನಿ ಏರಿಸಲಿಲ್ಲ, ಕ್ಷಮೆ ಕೇಳುತ್ತ ಕುಗ್ಗಲೂ ಇಲ್ಲ. ಆಸ್ಪತ್ರೆಯ ಸಮಿತಿ ಪ್ರಯೋಗವನ್ನು ನಿಲ್ಲಿಸಿತು.

ಟೈಲರ್ ಭಾವನಿಗೆ ಹೇಳುವುದು ಅದಕ್ಕಿಂತ ಕಷ್ಟದ ಕೆಲಸವಾಯಿತು. ಆ ಮಾತುಕತೆಯನ್ನು ಮುಂದೆ ಮೇಷ್ಟ್ರ ಹೆಂಡತಿಯೇ ನಗುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ವಿವರಿಸಿದ್ದಾರೆ. ಅಂಗಡಿಯಲ್ಲಿ ಅರ್ಧ ಹೊಲಿದ ಕೋಟು ಮಡಿಲಲ್ಲಿಟ್ಟುಕೊಂಡು ಅವನು ಎಲ್ಲವನ್ನೂ ಕೇಳಿಸಿಕೊಂಡನಂತೆ.

"ಭಾವ, ನಿಮಗೆ ನನ್ನ ಕಾಲಿನ ಮೇಲೆ ನಂಬಿಕೆ ಇಲ್ವೋ, ನಿಮ್ಮ ತಂತಿ ಮೇಲೆ ಇಲ್ವೋ?"

"ತಂತಿ ಮೇಲೆ."

"ಹೋದ ತಿಂಗಳು ಇತ್ತಲ್ಲ!"

"ಹೋದ ತಿಂಗಳು ನಾನು ಕೆಂಪು ಬಣ್ಣ ಹಚ್ತಿದ್ದೆ."

ಟೈಲರ್ ಭಾವ ತಂಗಿಯ ಕಡೆ ತಿರುಗಿ, "ಏನಮ್ಮಾ ಇದು, ಇವರು ಬಣ್ಣ ಹಚ್ಚೋದು ಬೇರೆ ಉಂಟಾ?" ಎಂದನಂತೆ. ಆಮೇಲೆ ನಗು ಆರಿತು. ಈ ಜಾಲರಿ ಇಲ್ಲವೆಂದರೆ ಉಳಿದದ್ದು ಹಳೆಯ ದಾರಿ. ಆ ಆಸ್ಪತ್ರೆಯಲ್ಲಿ ಆಗ ಬೇರೆ ಜಾಲರಿ ಇರಲಿಲ್ಲ. ಎಡಗಾಲಿನಿಂದ ರಕ್ತನಾಳದ ತುಂಡು ತೆಗೆದು ಬಲಗಾಲಿಗೆ ಜೋಡಿಸಬೇಕು. ಉದ್ದದ ಕೊಯ್ತ, ತಿಂಗಳುಗಟ್ಟಲೆ ಹಾಸಿಗೆ.

"ಬಿಳಿ ತಂತಿದು ಯಾವಾಗ ಬರುತ್ತೆ?"

"ವರ್ಷಗಳು ಬೇಕು ಭಾವ. ನಿಮ್ಮ ಕಾಲು ಅಷ್ಟು ಕಾಯಲ್ಲ ಅಂತಾರೆ ಡಾಕ್ಟರು."

"ಹಾಗಾದ್ರೆ ನಿಮ್ಮ ಗಾಜಿನ ಕಡ್ಡಿ ಉಳೀತು, ನನ್ನ ಎರಡು ಕಾಲೂ ಕತ್ತರಿಗೆ ಸಿಕ್ತು" ಎಂದು ಅವನು ಸೂಜಿ ಚುಚ್ಚಿದಂತೆ ಹೇಳಿದ. ಆ ತಿಂಗಳು ಪೂರ್ತಿ ಭಾವನೆಂಟರ ನಡುವೆ ಮಾತು ನಿಂತಿತ್ತು. ಮೇಷ್ಟ್ರು ಮಾತ್ರ ಪ್ರತಿದಿನ ಅಂಗಡಿಯ ಮುಂದಿನಿಂದಲೇ ಕೆಲಸಕ್ಕೆ ನಡೆದು ಹೋಗುತ್ತಿದ್ದರು, ಸುತ್ತಿನ ದಾರಿಯಾದರೂ.

ಶಸ್ತ್ರಕ್ರಿಯೆ ಆಯಿತು. ಗಾಯ ಮಾಯಲು ತಡವಾಯಿತು, ಸೋಂಕು ತಗುಲಿತು, ಎರಡನೆಯ ಸಲ ಕತ್ತರಿ ಹಾಕಬೇಕಾಯಿತು. ಅಷ್ಟೂ ದಿನ ಆಸ್ಪತ್ರೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಮೇಷ್ಟ್ರು ಪ್ರಬಂಧಗಳನ್ನು ತಿದ್ದುತ್ತ ಕೂತಿರುತ್ತಿದ್ದರು. ಮೊದಲು ಮಾತಾಡಿದ್ದು ಟೈಲರ್ ಭಾವನೇ. ಹೊದಿಕೆ ಸರಿಸಿ, ತೊಡೆಯಿಂದ ಪಾದದವರೆಗಿನ ಹೊಲಿಗೆ ತೋರಿಸಿ, "ನೋಡಿ ಭಾವ, ಇದೊಂದು ಹೊಲಿಗೆನಾ? ಇಂಥ ಕೈಯೋರನ್ನ ನಾನು ಗುಂಡಿ ಹಾಕೋಕೂ ಇಟ್ಕೊಳ್ತಿರ್ಲಿಲ್ಲ!" ಎಂದ. ಅಲ್ಲಿಗೆ ರಾಜಿಯಾಯಿತು. ಕಾಲು ಉಳಿಯಿತು, ನೋವು ಹೋಯಿತು. ಆದರೆ ಪೆಡಲು ತುಳಿಯುವ ಬಲ ಮರಳಲಿಲ್ಲ. ಯಂತ್ರಕ್ಕೆ ಮೋಟಾರು ಕೂಡಿಸಿಕೊಂಡ. ಆ ಮೋಟಾರಿನ ಸದ್ದಿಗೆ ಹೊಲಿಗೆಯ ಲಯ ತಪ್ಪುತ್ತದೆಂದು ಈಗಲೂ ಗೊಣಗುತ್ತಾನೆ.

ಮೇಷ್ಟ್ರು ನೀಲಿ ಪದರದ ತಮ್ಮ ಹಳೆಯ ಲೇಖನಗಳನ್ನು ಪ್ರಕಟಿಸಿದ ಪ್ರತಿಯೊಂದು ಪತ್ರಿಕೆಗೂ ತಪ್ಪನ್ನು ವಿವರಿಸಿ ಬರೆದರು. ಕೆಲವರು ಅದನ್ನು ದೌರ್ಬಲ್ಯವೆಂದರು. ಕೆಲವರು, ಇಷ್ಟು ವರ್ಷ ಕಣ್ಣಿಗೆ ಬೀಳದ್ದು ಈಗ ಹೇಗೆ ಬಿತ್ತೆಂದು ಕೊಂಕು ನುಡಿದರು. ಅವರು ಅದಕ್ಕೆ ಕಿವಿಗೊಡದೆ, ಬಾಗಿದ ತಂತಿಗಳ ಸವೆತವನ್ನೇ ಹೊಸ ವಿಷಯವಾಗಿ ಹಿಡಿದು ಸೊನ್ನೆಯಿಂದ ಶುರುಮಾಡಿದರು. ಈಗ ನಮ್ಮ ಪ್ರಯೋಗಾಲಯದಲ್ಲಿ ತಂತಿಯನ್ನು ಕೊಕ್ಕೆಯಿಂದ ಬಿಚ್ಚುವ ಮೊದಲು ನೋಡಬೇಕು, ಬಿಚ್ಚಿದ ಮೇಲೂ ನೋಡಬೇಕು. ಸೋತ ತಂತಿಯನ್ನು ಯಾರೂ ಬುಟ್ಟಿಗೆ ಹಾಕುವಂತಿಲ್ಲ. ಬಿಳಿ ತಂತಿಯ ಜಾಲರಿ ಅದೇ ಡಾಕ್ಟರ ಕೈಯಿಂದ, ಸಾವಧಾನವಾಗಿ, ರೋಗಿಗಳ ಕಾಲು ಸೇರಿತು. ಡಾಕ್ಟರು ಈ ಸಂಪುಟಕ್ಕೆ ತಾವೂ ಬರೆದಿದ್ದಾರೆ. ತಮ್ಮ ಕಠಿಣ ಮಾತುಗಳನ್ನು ತಾವೇ ನೆನೆದಿದ್ದಾರೆಂದು ಕೇಳಿ ಸಂತೋಷವಾಯಿತು.

ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆಂದು ಸುತ್ತೋಲೆ ಹೇಳುತ್ತದೆ. ಅವರೋ ಕಿಟಕಿ ಪಕ್ಕದ ಮೇಜನ್ನು ಖಾಲಿ ಮಾಡಲು ಇನ್ನೂ ಒಪ್ಪಿಲ್ಲ. "ಸಂಬಳ ನಿಲ್ಲಲಿ, ಜಾಡಿ ನಿಲ್ಲೋದು ಬೇಡ" ಎಂದಿದ್ದಾರೆ. ಅವರ ಕಣ್ಣು ಸೂಕ್ಷ್ಮದರ್ಶಕದ ಮೇಲೆ ಇನ್ನೂ ಬಹುಕಾಲ ಚುರುಕಾಗಿರಲಿ, ಕೈಗೆ ನಡುಕ ಬಾರದಿರಲಿ, ಅವರ ಮನೆಯಲ್ಲಿ ಆರೋಗ್ಯವೂ ಕೀಟಲೆಯೂ ಕುಂದದಿರಲಿ, ಬಾಗಿದ ತಂತಿಗಳ ಕುರಿತ ಅವರ ಗ್ರಂಥ ಬೇಗ ಪೂರ್ಣವಾಗಲಿ ಎಂದು ಅವರ ಜಾಡಿಗಳನ್ನು ತೊಳೆದವರೆಲ್ಲರ ಪರವಾಗಿ ಹಾರೈಸುತ್ತೇವೆ.

ಒಂದು ಮಾತನ್ನು ಮಾತ್ರ ಅಲಂಕಾರವಿಲ್ಲದೆ ಹೇಳಬೇಕಿದೆ. ಆ ನೀಲಿ ಜಾಲರಿ ಯಾರ ಕಾಲಿಗೂ ಹೋಗಲಿಲ್ಲ. ಹೋಗಿದ್ದರೆ ಅದರ ಪದರ ಬಿರಿಯುತ್ತಿತ್ತೇ, ಅಥವಾ ಡಾಕ್ಟರು ಹೇಳಿದಂತೆ ಕಾಲಿನ ಮೆಲುವಾದ ಬಾಗಿಗೆ ತಾಳಿಕೊಂಡು ಟೈಲರ್ ಭಾವನಿಗೆ ಎರಡು ಕೊಯ್ತಗಳನ್ನೂ ಆ ಸೋಂಕನ್ನೂ ತಪ್ಪಿಸಿ, ಅವನ ಕಾಲನ್ನು ಪೆಡಲಿನ ಮೇಲೆಯೇ ಇರಿಸುತ್ತಿತ್ತೇ ಎಂಬುದನ್ನು ತಿಳಿಸುವ ಪರೀಕ್ಷೆ ನಮ್ಮಲ್ಲಿಲ್ಲ. ಬುಟ್ಟಿ ಸೇರಿದ ತಂತಿಗಳೂ ಇಲ್ಲ. ಮೇಷ್ಟ್ರನ್ನೇ ಕೇಳಿದ್ದಾಯಿತು. ಗೊತ್ತಿಲ್ಲ ಎಂದರು.